ವಾಷಿಂಗ್ ಮಷಿನ್ ತಂದು 24 ದಿನ, ಮೂರು ಸಲ ರಿಪೇರಿ. ಅಂಗಡಿಯವರು ವಾಪಸ್ ತಗೊಳ್ಳಲೇಬೇಕಾ?

ಮಳೆಬಿಲ್ಲು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡಿಕೊಳ್ಳದೆ ಓದಿ.

ಮನೆಗೆ ಫ್ರಂಟ್ ಲೋಡ್ ವಾಷಿಂಗ್ ಮಷಿನ್ ತಂದು ಇವತ್ತಿಗೆ 24 ದಿನ. 31,500 ರೂಪಾಯಿ. ಹತ್ತು ಸಾವಿರ ಕೈಯಿಂದ ಕಟ್ಟಿದೆವು, ಉಳಿದದ್ದು ಇಎಂಐ. ಮೊದಲ ವಾರ ಚೆನ್ನಾಗಿತ್ತು. ಆಮೇಲೆ ಸ್ಪಿನ್ ಶುರುವಾದರೆ ಸಾಕು, ಗಡಗಡ ಅಂತ ನೆಲವೇ ನಡುಗುತ್ತದೆ. ಗೋಡೆಗೆ ಒತ್ತಿ ಇಟ್ಟ ಮಷಿನ್ ಬಟ್ಟೆ ಹಿಂಡಿ ಮುಗಿಸುವಷ್ಟರಲ್ಲಿ ಒಂದು ಗೇಣು ಮುಂದೆ ಬಂದಿರುತ್ತದೆ. ಜೊತೆಗೆ ಸುಟ್ಟ ರಬ್ಬರ್ ವಾಸನೆ. ಅಮ್ಮ ಎರಡೂ ಕೈಯಿಂದ ಅದನ್ನು ಒತ್ತಿ ಹಿಡಿದು ನಿಲ್ಲುತ್ತಾರೆ. ಅದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಕಂಪನಿಯ ಟೆಕ್ನೀಷಿಯನ್ ಮೂರು ಸಲ ಬಂದರು. ಮೊದಲ ಸಲ ಕೆಳಗಿನ ಕಾಲುಗಳನ್ನು ತಿರುಗಿಸಿ ಮಟ್ಟ ಮಾಡಿದರು. ಎರಡನೇ ಸಲ ಬೆಲ್ಟ್ ಬದಲಿಸಿದರು. ಮೂರನೇ ಸಲ 'ನಿಮ್ಮ ಮನೆ ವೋಲ್ಟೇಜ್ ಸರಿಯಿಲ್ಲ' ಅಂದರು. ಪ್ರತಿ ಸಲ ಎರಡು ದಿನ ಸುಮಾರಾಗಿ ನಡೆಯುತ್ತದೆ, ಮತ್ತೆ ಅದೇ ಕಥೆ.

ನಿನ್ನೆ ಅಂಗಡಿಗೆ ಹೋಗಿದ್ದೆ. 'ಮಾರುವುದಷ್ಟೇ ನಮ್ಮ ಕೆಲಸ, ಮುಂದಿನದೆಲ್ಲ ಕಂಪನಿಯದ್ದು' ಅಂದರು. ಬಿಲ್ಲಿನ ಕೆಳಗೆ ಬೆರಳಿಟ್ಟು ತೋರಿಸಿದರು: ಒಮ್ಮೆ ಮಾರಿದ ಮಾಲನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ. ಇದು ನಿಜವಾಗಲೂ ಕಾನೂನಾ? ನಾನು ದುಡ್ಡು ಕೊಟ್ಟಿದ್ದು ಅಂಗಡಿಗೆ ಅಲ್ವಾ?

ಟೂಲ್‌ಬಾಕ್ಸ್:

ನಾನು 14 ವರ್ಷದಿಂದ ಇದೇ ರಿಪೇರಿ ಕೆಲಸ ಮಾಡುತ್ತಿದ್ದೇನೆ. ಮೊದಲು ಒಂದು ವಿಷಯ ನೋಡಿ. ಮಷಿನ್ ಹಿಂಭಾಗದಲ್ಲಿ ಟ್ರಾನ್ಸಿಟ್ ಬೋಲ್ಟ್ ಇರುತ್ತವೆ. ಸಾಗಿಸುವಾಗ ಒಳಗಿನ ಡ್ರಮ್ ಅಲುಗಾಡದ ಹಾಗೆ ಬಿಗಿ ಹಿಡಿಯುವ ಉದ್ದನೆಯ ಬೋಲ್ಟ್‌ಗಳು ಅವು. ಇನ್‌ಸ್ಟಾಲ್ ಮಾಡುವಾಗ ಬಿಚ್ಚಿ, ಆ ತೂತುಗಳಿಗೆ ಪ್ಲಾಸ್ಟಿಕ್ ಮುಚ್ಚಳ ಹಾಕಬೇಕು. ಬಿಚ್ಚದೆ ಓಡಿಸಿದರೆ ಮಷಿನ್ ಕುಣಿಯುತ್ತದೆ. ನಿಮ್ಮದು ಒಂದು ವಾರ ಚೆನ್ನಾಗಿತ್ತು ಅಂದರೆ ಅದು ಕಾರಣ ಇರಲಿಕ್ಕಿಲ್ಲ. ಆದರೂ ಮುಚ್ಚಳ ಹಾಕಿದ ಜಾಗದ ಫೋಟೋ ತೆಗೆದಿಡಿ. ನಾಳೆ 'ನೀವೇ ಸರಿಯಾಗಿ ಇಟ್ಟುಕೊಂಡಿಲ್ಲ' ಅಂತ ಹೇಳುವವರು ಮೊದಲು ಹಿಡಿಯುವುದು ಅದನ್ನೇ.

ಇನ್ನೊಂದು ಪ್ರಶ್ನೆ. ಮಷಿನ್ ಮುಂದೆ ಸರಿದ ಮೇಲೆ ಅದರ ಕೆಳಗಿನ ನೆಲ ಹೇಗಿದೆ? ನೀರಾ, ಎಣ್ಣೆಯಾ, ಪುಡಿಯಾ?

ಕೌಂಟರ್‌ಕಡೆಯವ:

ಅಂಗಡಿಯಲ್ಲಿ ಕೆಲಸ ಮಾಡುವವನಾಗಿ ನನ್ನ ಮಾತು ಸ್ವಲ್ಪ ಕೇಳಿ. ಡಬ್ಬದ ಒಳಗೆ ಏನಿದೆ ಅಂತ ನಾವು ಬಿಚ್ಚಿ ನೋಡಿರುವುದಿಲ್ಲ. ಕಂಪನಿಯವರು 'ಇದು ಕೆಟ್ಟ ಪೀಸ್' ಅಂತ ಬರೆದುಕೊಡದೆ ನಾವು ವಾಪಸ್ ತಗೊಂಡರೆ ಆ ದುಡ್ಡು ಅಂಗಡಿಯ ಮೈಮೇಲೆ ಬೀಳುತ್ತದೆ. ಅದಕ್ಕೇ ಎಲ್ಲರನ್ನೂ ಕಂಪನಿ ನಂಬರ್‌ಗೆ ಕಳಿಸುವುದು. ನಿಮ್ಮ ಮೇಲೆ ಸಿಟ್ಟಿನಿಂದಲ್ಲ.

ಆದರೆ ಒಳಗಿನ ಮಾತು ಹೇಳುತ್ತೇನೆ. ಬಾಯಲ್ಲಿ ಜಗಳ ಮಾಡಿ ಹೋದವರ ವಿಷಯ ಸಂಜೆಗೆ ಮರೆತುಹೋಗುತ್ತದೆ. ಬರೆದು ಕೊಟ್ಟವರ ಕಾಗದ ಮಾಲೀಕರ ಟೇಬಲ್‌ಗೆ ಹೋಗುತ್ತದೆ, ಅಲ್ಲಿಂದ ಕಂಪನಿಯ ಏರಿಯಾ ಮ್ಯಾನೇಜರ್‌ಗೆ ಹೋಗುತ್ತದೆ. ನಿಮ್ಮ ಹತ್ತಿರ ಬರೆದದ್ದು ಏನಿದೆ?

ಮಳೆಬಿಲ್ಲು:

ಬರೆದದ್ದು ಅಂದರೆ… ಏನೂ ಇಲ್ಲ. ಎಲ್ಲ ಫೋನಿನಲ್ಲೇ. ಟೆಕ್ನೀಷಿಯನ್ ಬಂದಾಗ ಮೊಬೈಲ್‌ಗೆ ಒಟಿಪಿ ಬರುತ್ತದೆ, ಅದನ್ನು ಕೇಳುತ್ತಾರೆ, ಹೇಳುತ್ತೇನೆ, ಹೋಗುತ್ತಾರೆ. ಕಾಗದ ಯಾವತ್ತೂ ಕೊಟ್ಟಿಲ್ಲ.

ಕೆಳಗೆ ಪುಡಿ ಇದೆ. ಬೂದು ಬಣ್ಣದ ಪುಡಿ, ಸಿಮೆಂಟ್ ಥರ. ಗೋಡೆಯದು ಅಂದುಕೊಂಡು ಎರಡು ಸಲ ಗುಡಿಸಿ ಹಾಕಿದ್ದೇನೆ.

ಟೂಲ್‌ಬಾಕ್ಸ್:

ಇನ್ನು ಗುಡಿಸಬೇಡಿ. ಫೋಟೋ ತೆಗೆಯಿರಿ, ಆ ಪುಡಿಯನ್ನು ಒಂದು ಕವರಿನಲ್ಲಿ ಹಾಕಿಡಿ.

ಫ್ರಂಟ್ ಲೋಡ್ ಮಷಿನ್ ಒಳಗೆ ಡ್ರಮ್ ಇರುವ ತೊಟ್ಟಿಗೆ ಭಾರದ ಕಲ್ಲು ಕಟ್ಟಿರುತ್ತಾರೆ. ತುಂಬಾ ಮಾಡೆಲ್‌ಗಳಲ್ಲಿ ಅದು ಕಾಂಕ್ರೀಟಿನದು. ಜೋರಾಗಿ ತಿರುಗುವಾಗ ತೊಟ್ಟಿ ಹಾರಾಡದ ಹಾಗೆ ತಡೆಯುವುದು ಅದೇ. ಸಾಗಿಸುವಾಗ ಎಲ್ಲೋ ಬಿದ್ದು ಆ ಕಲ್ಲು ಬಿರುಕು ಬಿಟ್ಟಿದ್ದರೆ ಮೊದಮೊದಲು ಗೊತ್ತಾಗುವುದಿಲ್ಲ. ಹತ್ತು ಸಲ ಓಡಿದ ಮೇಲೆ ಬೋಲ್ಟ್ ಸುತ್ತ ಪುಡಿಯಾಗಿ ಸಡಿಲ ಆಗುತ್ತದೆ. ಗಡಗಡ ಶಬ್ದ, ಮಷಿನ್ ನಡೆಯುವುದು, ಬೂದು ಪುಡಿ, ಮೂರೂ ಅದಕ್ಕೆ ಹೊಂದುತ್ತವೆ. ನೋಡದೆ ಖಡಾಖಂಡಿತ ಹೇಳಲಾರೆ. ಆದರೆ ಇದಕ್ಕೂ ವೋಲ್ಟೇಜಿಗೂ ಸಂಬಂಧವೇ ಇಲ್ಲ. ದಯವಿಟ್ಟು ಅದನ್ನು ಇನ್ನು ಓಡಿಸಬೇಡಿ, ಅಮ್ಮ ಹಿಡಿದು ನಿಲ್ಲುವುದಂತೂ ಬೇಡವೇ ಬೇಡ.

ಒಟಿಪಿ ಬಗ್ಗೆ ನನಗೆ ನಿಜವಾಗಲೂ ನೋವಿದೆ, ಯಾಕೆಂದರೆ ಅದು ನಮ್ಮ ಕೆಲಸದವರೇ ಮಾಡುವ ತಪ್ಪು. ಆ ಒಟಿಪಿ ಹೇಳಿದ ಕೂಡಲೇ ಕಂಪ್ಯೂಟರಿನಲ್ಲಿ ನಿಮ್ಮ ದೂರು 'ಪರಿಹಾರವಾಗಿದೆ' ಅಂತ ಮುಚ್ಚಿಹೋಗುತ್ತದೆ. ನಾಳೆ ನೀವು ಮೂರು ಸಲ ಕರೆದೆ ಅಂದರೆ, ಅವರು 'ಮೂರು ಸಲವೂ ಗ್ರಾಹಕರು ಒಪ್ಪಿ ಮುಚ್ಚಿಸಿದ್ದಾರೆ' ಅನ್ನುತ್ತಾರೆ. ಟೆಕ್ನೀಷಿಯನ್‌ಗೂ ದಿನಕ್ಕೆ ಇಷ್ಟು ದೂರು ಮುಚ್ಚಬೇಕು ಅಂತ ಒತ್ತಡ ಇರುತ್ತದೆ, ಅದು ಬೇರೆ ಮಾತು. ನೀವು ಮಾತ್ರ ಮಷಿನ್ ಪೂರ್ತಿ ಒಂದು ಸುತ್ತು ಓಡಿ, ಸ್ಪಿನ್ ಮುಗಿಯುವ ತನಕ ಒಟಿಪಿ ಕೊಡಬೇಡಿ. ಜಾಬ್ ಶೀಟ್, ಅಂದರೆ ಬಂದವರು ಏನು ನೋಡಿದರು, ಏನು ಮಾಡಿದರು ಅಂತ ಬರೆದ ಕಾಗದ, ಕೇಳಿ ಪಡೆಯಿರಿ. ಅದರಲ್ಲಿ ನಿಮ್ಮ ದೂರು ನಿಮ್ಮದೇ ಮಾತಿನಲ್ಲಿ ಇರಬೇಕು.

ನ್ಯಾಯದಾರಿ:

ನಾನು ವಕೀಲನಲ್ಲ. ಕೆಟ್ಟ ಫ್ರಿಜ್ ವಿಷಯದಲ್ಲಿ ಜಿಲ್ಲಾ ಗ್ರಾಹಕರ ಆಯೋಗಕ್ಕೆ ನಾನೇ ಹೋಗಿ, ನಾನೇ ವಾದ ಮಾಡಿ ಗೆದ್ದವನು. ಅದಕ್ಕಾಗಿ ಓದಿಕೊಂಡದ್ದನ್ನು ಹೇಳುತ್ತೇನೆ.

ಈಗ ನಡೆಯುತ್ತಿರುವುದು ಗ್ರಾಹಕ ಸಂರಕ್ಷಣಾ ಕಾಯ್ದೆ 2019. ಹಳೆಯ 1986ರ ಕಾಯ್ದೆಯ ಜಾಗಕ್ಕೆ 2020ರ ಜುಲೈನಲ್ಲಿ ಜಾರಿಗೆ ಬಂತು. ಅದರ ಕಲಂ 2, ಉಪಕಲಂ 47ರಲ್ಲಿ 'ಅನುಚಿತ ವ್ಯಾಪಾರ ಪದ್ಧತಿ' ಅಂದರೆ ಏನು ಅಂತ ಇದೆ. ಮಾರಿದ ಮೇಲೆ ದೋಷ ಇರುವ ಮಾಲನ್ನು ವಾಪಸ್ ತಗೊಳ್ಳಲು, ದುಡ್ಡು ಹಿಂದಿರುಗಿಸಲು ನಿರಾಕರಿಸುವುದು ಅದರಲ್ಲಿ ಸೇರಿದೆ. ಬಿಲ್ಲಿನಲ್ಲಿ ಅವಧಿ ಬರೆದಿದ್ದರೆ ಆ ಅವಧಿಯೊಳಗೆ, ಏನೂ ಬರೆದಿಲ್ಲದಿದ್ದರೆ 30 ದಿನದೊಳಗೆ. ಬಿಲ್ ಕೊಡದೇ ಇರುವುದೂ ಅದೇ ಪಟ್ಟಿಯಲ್ಲಿದೆ. 'ವಾಪಸ್ ಇಲ್ಲ' ಅಂತ ಅಚ್ಚು ಹಾಕಿದರೆ ಕಾಯ್ದೆ ಅಳಿಸಿಹೋಗುವುದಿಲ್ಲ. ಬಣ್ಣ ಇಷ್ಟ ಆಗಲಿಲ್ಲ ಅಂತ ವಾಪಸ್ ಕೊಡುವವರಿಗೆ ಆ ಸಾಲು ಹೇಳಬಹುದು. ಕೆಟ್ಟ ಮಾಲಿಗೆ ಹೇಳುವ ಹಾಗಿಲ್ಲ.

'ಮಾರುವುದಷ್ಟೇ ನಮ್ಮ ಕೆಲಸ' ಅನ್ನುವ ಮಾತಿಗೂ ಉತ್ತರ ಇದೆ. ಸರಕು ಮಾರಾಟ ಕಾಯ್ದೆ 1930ರಷ್ಟು ಹಳೆಯದು. ಅದರ ಕಲಂ 16ರ ಪ್ರಕಾರ, ಯಾವ ಕೆಲಸಕ್ಕೆ ಅಂತ ಹೇಳಿ, ಮಾರುವವರನ್ನು ನಂಬಿ ಕೊಂಡಿದ್ದೀರೋ ಆ ಕೆಲಸಕ್ಕೆ ಮಾಲು ಬರಬೇಕು. ಇದು ಕೊಳ್ಳುವವರು ಮತ್ತು ಮಾರುವವರ ನಡುವಿನ ಒಪ್ಪಂದ. ಕಂಪನಿ ವಾರಂಟಿ ಇದರ ಮೇಲೆ ಸಿಗುವುದು, ಇದಕ್ಕೆ ಬದಲಾಗಿ ಅಲ್ಲ.

ಮಳೆಬಿಲ್ಲು ಅವರೇ, ನಿಮಗೆ ಇನ್ನು ಆರು ದಿನ ಇದೆ. ಇವತ್ತೇ ಬರೆಯಿರಿ. ಅಂಗಡಿ ಮತ್ತು ಕಂಪನಿ, ಇಬ್ಬರಿಗೂ. ಒಬ್ಬರಿಗೆ ಮಾತ್ರ ಬರೆದರೆ ಅವರು ಇನ್ನೊಬ್ಬರ ಕಡೆ ಬೆರಳು ತೋರಿಸುತ್ತಾರೆ.

ಹಳೇಚಪ್ಪಲಿ:

ಇದೆಲ್ಲ ಕೇಳಲಿಕ್ಕೆ ಚೆಂದ. ಕೇಸು ಹಾಕಿದರೆ ವರ್ಷಗಟ್ಟಲೆ ಅಲೆಯಬೇಕು. ಮೂವತ್ತು ಸಾವಿರದ ಮಷಿನ್‌ಗೆ ಅಷ್ಟು ಓಡಾಟ ಬೇಕಾ? ಸುಮ್ನೆ ಹೊರಗಿನ ಮೆಕ್ಯಾನಿಕ್ ಕರೆದು ಸರಿ ಮಾಡಿಸಿಕೊಳ್ಳಿ.

ಟೂಲ್‌ಬಾಕ್ಸ್:

ದಯವಿಟ್ಟು ಅದನ್ನು ಮಾತ್ರ ಮಾಡಬೇಡಿ. ವಾರಂಟಿ ಇರುವ ಮಷಿನ್‌ಗೆ ಹೊರಗಿನವರು ಸ್ಕ್ರೂ ಬಿಚ್ಚಿದರೆ, ದೋಷ ಮೊದಲೇ ಇತ್ತು ಅಂತ ತೋರಿಸುವ ದಾರಿಯೇ ಮುಚ್ಚಿಹೋಗುತ್ತದೆ.

ನ್ಯಾಯದಾರಿ:

ಹಳೇಚಪ್ಪಲಿ ಅವರ ಮಾತಿನಲ್ಲಿ ಸತ್ಯ ಇದೆ. ಎದುರಿನವರಿಗೆ ನೋಟಿಸ್ ಸಿಕ್ಕ ದಿನದಿಂದ ಮೂರು ತಿಂಗಳಲ್ಲಿ, ಲ್ಯಾಬ್ ಪರೀಕ್ಷೆ ಬೇಕಾದರೆ ಐದು ತಿಂಗಳಲ್ಲಿ ಮುಗಿಸಲು ಪ್ರಯತ್ನಿಸಬೇಕು ಅನ್ನುತ್ತದೆ ಕಾಯ್ದೆ. ನನ್ನ ಕೇಸಿಗೆ ಹದಿನಾಲ್ಕು ತಿಂಗಳು ಹಿಡಿಯಿತು. ಆದರೆ ದುಡ್ಡಿನ ಭಯ ಬೇಡ. ಕೊಂಡ ಬೆಲೆ 5 ಲಕ್ಷದ ಒಳಗಿದ್ದರೆ ಆಯೋಗಕ್ಕೆ ಶುಲ್ಕವೇ ಇಲ್ಲ. ವಕೀಲರು ಕಡ್ಡಾಯ ಅಲ್ಲ. ನೀವು ಎಲ್ಲಿ ವಾಸ ಮಾಡುತ್ತೀರೋ, ಕೆಲಸ ಮಾಡುತ್ತೀರೋ ಆ ಜಿಲ್ಲೆಯಲ್ಲೇ ದೂರು ಕೊಡಬಹುದು. ಇದು 2019ರ ಕಾಯ್ದೆ ತಂದ ದೊಡ್ಡ ಅನುಕೂಲ. ಅಂಗಡಿ ಬೇರೆ ಊರಿನಲ್ಲಿದೆ ಅಂತ ಅಲ್ಲಿಗೆ ಓಡಬೇಕಾಗಿಲ್ಲ. ಆನ್‌ಲೈನ್‌ನಲ್ಲೂ ದೂರು ಸಲ್ಲಿಸಬಹುದು. 2020ರಲ್ಲಿ ಅದಕ್ಕೆ ಇ-ದಾಖಿಲ್ ಅನ್ನುವ ವೆಬ್‌ಸೈಟ್ ಶುರುವಾಯಿತು, 2025ರಲ್ಲಿ ಅದರ ಜಾಗಕ್ಕೆ ಇ-ಜಾಗೃತಿ ಬಂತು. ತೊಂದರೆ ಆದ ದಿನದಿಂದ ಎರಡು ವರ್ಷದ ತನಕ ದೂರು ಕೊಡಲು ಸಮಯ ಇದೆ. ಹಾಗಾಗಿ 30 ದಿನ ದಾಟಿದವರು ಕೈಚೆಲ್ಲಬೇಕಾಗಿಲ್ಲ. ರಿಪೇರಿ, ಬದಲಿ ಮಾಲು, ದುಡ್ಡು ವಾಪಸ್, ಪರಿಹಾರ, ಇವೆಲ್ಲವನ್ನೂ ಕೊಡಿಸುವ ಅಧಿಕಾರ ಆಯೋಗಕ್ಕೆ ಇದೆ.

ಆಯೋಗಕ್ಕೆ ಹೋಗುವ ಮೊದಲು 1915ಕ್ಕೆ ಫೋನ್ ಮಾಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅವರು ತೀರ್ಪು ಕೊಡುವುದಿಲ್ಲ, ಕಂಪನಿಗೆ ನಿಮ್ಮ ದೂರನ್ನು ತಲುಪಿಸುತ್ತಾರೆ. ಎಷ್ಟೋ ಸಲ ಅಷ್ಟಕ್ಕೇ ಕೆಲಸ ಆಗುತ್ತದೆ.

ಪುಟ್ಟಗೌರಿ:

ನಡುವೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ನಾನು ಮಿಕ್ಸಿ ತರಿಸಿದ್ದು ಆನ್‌ಲೈನ್‌ನಲ್ಲಿ. ಜಾರ್ ಸೀಳಿದೆ. ಏಳು ದಿನದ ರಿಟರ್ನ್ ಮುಗಿದಿದೆ ಅಂತ ಆ್ಯಪ್‌ನಲ್ಲಿ ಬಟನ್ನೇ ಕಾಣುವುದಿಲ್ಲ. ಅದೂ ಅಲ್ಲದೆ ಅದನ್ನು ಕೊಂಡಿದ್ದು ಅಣ್ಣನ ಹೆಸರಿನಲ್ಲಿ.

ನ್ಯಾಯದಾರಿ:

ಆನ್‌ಲೈನ್‌ಗೆ ಬೇರೆ ನಿಯಮಗಳೇ ಇವೆ, 2020ರ ಇ-ಕಾಮರ್ಸ್ ನಿಯಮಗಳು. ದೋಷ ಇರುವ, ನಕಲಿಯಾದ, ಅಥವಾ ಜಾಹೀರಾತಿನಲ್ಲಿ ಹೇಳಿದ ಗುಣ ಇಲ್ಲದ ಮಾಲನ್ನು ವಾಪಸ್ ತಗೊಳ್ಳುವುದಿಲ್ಲ ಅಂತ ಅಲ್ಲಿನ ಮಾರಾಟಗಾರರು ಹೇಳುವ ಹಾಗಿಲ್ಲ. ಪ್ರತಿ ಆ್ಯಪ್‌ನಲ್ಲೂ ಕುಂದುಕೊರತೆ ಅಧಿಕಾರಿಯ ಹೆಸರು, ಸಂಪರ್ಕ ವಿವರ ಇರಲೇಬೇಕು. ಪುಟದ ತೀರಾ ಕೆಳಗೆ ಸಣ್ಣ ಅಕ್ಷರದಲ್ಲಿರುತ್ತದೆ, ಹುಡುಕಿ. ಅವರು 48 ಗಂಟೆಯಲ್ಲಿ ದೂರು ತಲುಪಿದೆ ಅಂತ ತಿಳಿಸಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು. ಬಟನ್ ಇಲ್ಲ ಅಂದ ಮಾತ್ರಕ್ಕೆ ಹಕ್ಕು ಇಲ್ಲ ಅಂತಲ್ಲ.

ಅಣ್ಣನ ಹೆಸರಿನದಕ್ಕೆ ಚಿಂತೆ ಬೇಡ. ಕೊಂಡವರ ಒಪ್ಪಿಗೆಯಿಂದ ಬಳಸುವವರೂ ಕಾಯ್ದೆಯ ಕಣ್ಣಿನಲ್ಲಿ ಗ್ರಾಹಕರೇ. ವ್ಯಾಪಾರಕ್ಕೆ ಅಂತ ಕೊಂಡಿದ್ದರೆ ಮಾತ್ರ ಆಗುವುದಿಲ್ಲ. ಅದರಲ್ಲೂ ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಕೊಂಡವರಿಗೆ ರಿಯಾಯಿತಿ ಇದೆ.

ಮಳೆಬಿಲ್ಲು:

ನಾಡಿದ್ದು ಇಎಂಐ ಕಟ್ಟುವ ದಿನ. ಮಷಿನ್ನೇ ಓಡದಿದ್ದಾಗ ನಾನ್ಯಾಕೆ ಕಟ್ಟಬೇಕು? ನಿಲ್ಲಿಸಿಬಿಡಲಾ?

ನ್ಯಾಯದಾರಿ:

ಬೇಡ. ಸಾಲ ಕೊಟ್ಟವರ ಜೊತೆ ನಿಮ್ಮ ಒಪ್ಪಂದ ಬೇರೆ, ಅಂಗಡಿಯ ಜೊತೆಗಿನದು ಬೇರೆ. ಕಟ್ಟದಿದ್ದರೆ ದಂಡ ಬೀಳುತ್ತದೆ, ಸಾಲ ಸರಿಯಾಗಿ ಕಟ್ಟುತ್ತೀರಾ ಅಂತ ತೋರಿಸುವ ಸಿಬಿಲ್ ಅಂಕ ಇಳಿಯುತ್ತದೆ. ಮುಂದೆ ಮನೆ ಸಾಲಕ್ಕೆ ಹೋದಾಗ ಅದೇ ಅಡ್ಡ ಬರುತ್ತದೆ. ಕಟ್ಟಿ, ಕಟ್ಟಿದ್ದಕ್ಕೆ ದಾಖಲೆ ಇಟ್ಟುಕೊಳ್ಳಿ, ಬಡ್ಡಿಯನ್ನೂ ಸೇರಿಸಿ ಕೇಳಿ. ಕಂತಿನಲ್ಲಿ ಕೊಂಡವರೂ ಗ್ರಾಹಕರೇ ಅಂತ ಕಾಯ್ದೆಯಲ್ಲೇ ಇದೆ.

ಕೌಂಟರ್‌ಕಡೆಯವ:

ಪತ್ರ ಹೇಗೆ ಬರೆಯಬೇಕು ಅಂತ ನಾನು ಹೇಳುತ್ತೇನೆ, ಓದುವ ಕಡೆ ಕುಳಿತವನು ನಾನೇ ಆದ್ದರಿಂದ. 'ನಿಮ್ಮದು ಮೋಸದ ಅಂಗಡಿ' ಅಂತ ಶುರು ಮಾಡಿದ ಪತ್ರವನ್ನು ಯಾರೂ ಕೊನೆಯ ತನಕ ಓದುವುದಿಲ್ಲ. ಒಂದೇ ಪುಟ ಸಾಕು. ಹೀಗೆ ಬರೆಯಿರಿ:

'ಇಂಥ ದಿನ ನಿಮ್ಮಲ್ಲಿ ಇಂಥ ಬಿಲ್ ನಂಬರಿನಲ್ಲಿ ಈ ಮಷಿನ್ ಕೊಂಡೆ. ಸೀರಿಯಲ್ ನಂಬರ್ ಇದು. ಎಂಟನೇ ದಿನದಿಂದ ಸ್ಪಿನ್ ಆಗುವಾಗ ವಿಪರೀತ ಅಲುಗಾಟ, ಸುಟ್ಟ ವಾಸನೆ ಇದೆ. ಕೆಳಗೆ ಬೂದು ಪುಡಿ ಉದುರುತ್ತಿದೆ. ಇಂಥ ಮೂರು ದಿನ ಕಂಪನಿಯವರು ಬಂದು ನೋಡಿದರೂ ಸರಿ ಆಗಿಲ್ಲ. ಇದು ದೋಷ ಇರುವ ಮಾಲು. ಇದನ್ನು ವಾಪಸ್ ಪಡೆದು ಹೊಸ ಮಷಿನ್ ಕೊಡಿ, ಇಲ್ಲವೇ ಪೂರ್ತಿ ಹಣ ಹಿಂದಿರುಗಿಸಿ. ಏಳು ದಿನದಲ್ಲಿ ಬರಹದಲ್ಲಿ ಉತ್ತರ ಕೊಡಿ.'

ಇಷ್ಟೇ. ಎರಡು ಪ್ರತಿ ಒಯ್ಯಿರಿ. ಒಂದರ ಮೇಲೆ ಸೀಲ್, ಸಹಿ, ತಾರೀಖು ಹಾಕಿಸಿಕೊಳ್ಳಿ. ಹಾಕಲ್ಲ ಅಂದರೆ ಜಗಳ ಬೇಡ. ಹೊರಗೆ ಬಂದು ಸ್ಪೀಡ್ ಪೋಸ್ಟ್ ಮಾಡಿ, ಇಮೇಲ್ ಕೂಡ ಮಾಡಿ.

ಮಳೆಬಿಲ್ಲು (ಐದು ದಿನದ ನಂತರ):

ತಡವಾಗಿದ್ದಕ್ಕೆ ಕ್ಷಮಿಸಿ. ಅಂಗಡಿಯಲ್ಲಿ ಪತ್ರವನ್ನು ಕೈಯಿಂದ ಮುಟ್ಟಲೂ ಇಲ್ಲ. ಸ್ಪೀಡ್ ಪೋಸ್ಟ್ ಮಾಡಿದೆ, ಇಬ್ಬರಿಗೂ ಇಮೇಲ್ ಕಳಿಸಿದೆ, 1915ರಲ್ಲಿ ದೂರು ಬರೆಸಿ ನಂಬರ್ ತಗೊಂಡೆ. ಮೂರನೇ ದಿನ ಕಂಪನಿಯಿಂದ ಹಿರಿಯ ಎಂಜಿನಿಯರ್ ಒಬ್ಬರು ಬಂದರು. ನಾನು ಏನೂ ಹೇಳಲಿಲ್ಲ, ಪುಡಿ ಇದ್ದ ಕವರನ್ನು ಕೈಗೆ ಕೊಟ್ಟೆ. ಅವರು ಅದನ್ನು ಬೆರಳಲ್ಲಿ ಉಜ್ಜಿ ನೋಡಿ, ಮೇಲಿನ ಮುಚ್ಚಳ ಬಿಚ್ಚಿದರು. ಟೂಲ್‌ಬಾಕ್ಸ್ ಅವರು ಹೇಳಿದ್ದೇ ಸರಿ. ಕಾಂಕ್ರೀಟ್ ಕಲ್ಲು ಬೋಲ್ಟ್ ಹತ್ತಿರ ಎರಡು ಹೋಳಾಗಿದೆ. ಒಂದು ಹೋಳು ಕೈಯಲ್ಲಿ ಹಿಡಿದರೆ ಅಲುಗಾಡುತ್ತದೆ. ಮೂರು ಸಲ ಬಂದವರಲ್ಲಿ ಒಬ್ಬರೂ ಆ ಮುಚ್ಚಳ ತೆಗೆದಿರಲಿಲ್ಲ.

ಈಗ ಕಲ್ಲು ಬದಲಿಸಿಕೊಡುತ್ತೇವೆ, ಅಷ್ಟಕ್ಕೆ ಮುಗಿಸಿ ಅನ್ನುತ್ತಿದ್ದಾರೆ. ಒಪ್ಪಿಕೊಳ್ಳಲಾ? ಒಟಿಪಿ ಇನ್ನೂ ಕೊಟ್ಟಿಲ್ಲ.

ನ್ಯಾಯದಾರಿ:

ಇದು ನಿಜವಾಗಲೂ ಯೋಚನೆ ಮಾಡಬೇಕಾದ ಜಾಗ. ಬಿಡಿಭಾಗ ಬದಲಿಸಿದರೆ ಸರಿಹೋಗುತ್ತದೆ ಅಂದಾಗ ಇಡೀ ಮಾಲನ್ನೇ ಬದಲಿಸಿ ಅಂತ ಕೋರ್ಟು ಎಲ್ಲ ಸಲವೂ ಹೇಳುವುದಿಲ್ಲ. 2006ರಲ್ಲಿ ಒಂದು ಕಾರಿನ ಕೇಸಿನಲ್ಲಿ ಸುಪ್ರೀಂ ಕೋರ್ಟ್, ವಾರಂಟಿಯಲ್ಲಿ ದೋಷದ ಭಾಗ ಬದಲಿಸುವುದಾಗಿ ಮಾತ್ರ ಇದ್ದರೆ ಇಡೀ ಕಾರು ಬದಲಿಸಿ ಎನ್ನುವುದು ಸರಿಯಲ್ಲ ಅಂದಿತು. ಇದನ್ನು ಕಂಪನಿಯವರು ಖಂಡಿತ ಹಿಡಿದುಕೊಳ್ಳುತ್ತಾರೆ.

ಆದರೆ ನಿಮ್ಮದು ಬೇರೆ. ನೀವು 30 ದಿನದೊಳಗೆ ಬರಹದಲ್ಲಿ ವಾಪಸ್ ಕೇಳಿದ್ದೀರಿ. ಒಡೆದ ಮಷಿನ್ ಮನೆಗೆ ಬಂದಿದೆ. ಮೂರು ಸಲ ಅವಕಾಶ ಕೊಟ್ಟಿದ್ದೀರಿ. ಆ ಅಲುಗಾಟದಲ್ಲಿ ಇಷ್ಟು ದಿನ ಓಡಿ ಬೇರಿಂಗ್, ಅಲುಗಾಟ ತಡೆಯುವ ಡ್ಯಾಂಪರ್ ಏನಾಗಿದೆಯೋ ಯಾರಿಗೆ ಗೊತ್ತು? ನಾನಾದರೆ ಹೊಸದೇ ಕೇಳುತ್ತೇನೆ. ಏನೇ ಮಾಡಿದರೂ, 'ಕಾಂಕ್ರೀಟ್ ಕಲ್ಲು ಒಡೆದಿದೆ' ಅಂತ ಅವರ ಕೈಯಿಂದಲೇ ಜಾಬ್ ಶೀಟಿನಲ್ಲಿ ಬರೆಸಿಕೊಳ್ಳಿ. ದೋಷ ಇತ್ತು ಅಂತ ಸಾಬೀತು ಮಾಡಬೇಕಾದವರು ನೀವು, ಕೇಸಿನ ಅರ್ಧ ತೂಕ ಅದರಲ್ಲೇ ಇದೆ.

ಟೂಲ್‌ಬಾಕ್ಸ್:

ಇವರ ಮಾತಿಗೆ ನಾನೂ ಸೇರುತ್ತೇನೆ. ಕಲ್ಲು ಬದಲಿಸುವುದು ದೊಡ್ಡ ಕೆಲಸ ಅಲ್ಲ. ಆದರೆ ಕಲ್ಲು ಒಡೆಯುವಷ್ಟು ಪೆಟ್ಟು ತಿಂದ ಮಷಿನ್‌ನಲ್ಲಿ ಬೇರೆ ಏನು ಪೆಟ್ಟಾಗಿದೆ ಅನ್ನುವುದು ವಾರಂಟಿ ಮುಗಿದ ಮೇಲೆ ಗೊತ್ತಾಗುತ್ತದೆ.

ಮಳೆಬಿಲ್ಲು (ಒಂಬತ್ತು ದಿನದ ನಂತರ):

ಹೊಸ ಮಷಿನ್ ಬಂತು! ಎಂಜಿನಿಯರ್ ಬರೆದ ಜಾಬ್ ಶೀಟಿನ ಫೋಟೋವನ್ನು ಅಂಗಡಿಗೆ ಕಳಿಸಿದ ಮಾರನೇ ದಿನ ಅಲ್ಲಿಂದಲೇ ಫೋನ್ ಬಂತು. ಕೌಂಟರ್‌ಕಡೆಯವ ಅವರು ಹೇಳಿದ ಹಾಗೆ, ಕಂಪನಿ ಬರೆದುಕೊಟ್ಟ ಮೇಲೆ ಅಂಗಡಿಯವರ ದನಿಯೇ ಬದಲಾಯಿತು. ಈ ಸಲ ಡಬ್ಬ ಬಿಚ್ಚುವುದರಿಂದ ಹಿಡಿದು ಬೋಲ್ಟ್ ತೆಗೆಯುವ ತನಕ ವಿಡಿಯೋ ಮಾಡಿದ್ದೇನೆ. ಎಲ್ಲರಿಗೂ ಎಷ್ಟು ಧನ್ಯವಾದ ಹೇಳಿದರೂ ಕಡಿಮೆ.

ಕೌಂಟರ್‌ಕಡೆಯವ:

ತುಂಬಾ ಖುಷಿಯಾಯಿತು. ಒಂದು ಕೆಲಸ ಬಾಕಿ ಇದೆ. ಬಿಲ್ಲಿನಲ್ಲಿ, ವಾರಂಟಿ ಕಾರ್ಡಿನಲ್ಲಿ ಇರುವ ಸೀರಿಯಲ್ ನಂಬರನ್ನು ಮಷಿನ್ ಮೇಲಿನ ನಂಬರಿನ ಜೊತೆ ಹೋಲಿಸಿ ನೋಡಿ. ಬದಲಿ ಕೊಟ್ಟಾಗ ಇದನ್ನು ಬರೆಯಲು ನಮ್ಮವರು ಮರೆಯುವುದು ಜಾಸ್ತಿ.

ಮಳೆಬಿಲ್ಲು:

ನೋಡಿದೆ. ಎರಡರಲ್ಲೂ ಹಳೆಯ ನಂಬರೇ ಇದೆ. ನಾಳೆ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವ ಹೊತ್ತಿಗೆ ಎರಡು ಪ್ರತಿ ಹಿಡಿದು ಹೋಗುತ್ತೇನೆ. ಹಳೆಯ ಮಷಿನ್ ಒಯ್ದಾಗ ಕೊಟ್ಟ ರಸೀದಿಯೂ ಜೊತೆಗಿದೆ.